ಇಲಿ ಹಿಡಿಯುವ ಫೆರೆಟ್ ನಮ್ಮ ತೋಟಕ್ಕೆ ಆಗ್ತದಾ?

ಮಳೆ ಹಿಡಿದದ್ದೇ ತಡ, ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇಲಿಯದ್ದೇ. ದನದ ಕೆಚ್ಚಲು ಬಾವು, ನಾಯಿಯ ಉಣುಗು ಎಲ್ಲ ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಪೂರ್ತಿ ಇಲಿಗೇ ಜಾಗ ಕೊಟ್ಟಿದ್ದೇನೆ. ನಾನು ಜಾನುವಾರು ಡಾಕ್ಟರ್, ಮನುಷ್ಯರ ಡಾಕ್ಟರ್ ಅಲ್ಲ, ಆದರೆ ಇಲಿಜ್ವರ ನನ್ನ ಮೈಮೇಲೆಯೇ ಬಂದು ಹೋದದ್ದು, ಹಾಗಾಗಿ ಗೊತ್ತಿದ್ದಷ್ಟನ್ನು ಬಿಡಿಸಿ ಹೇಳ್ತೇನೆ.

ಪ್ರಶ್ನೆ: ಸಾರ್, ನಮ್ಮದು ಎರಡು ಎಕ್ರೆ ಅಡಿಕೆ ತೋಟ, ಮಧ್ಯೆ ಕೊಕ್ಕೋ, ಬದಿಯಲ್ಲಿ ಒಂದಷ್ಟು ತೆಂಗು. ಇಲಿ ಹೆಗ್ಗಣದ ಉಪದ್ರ ಹೇಳಿ ಪ್ರಯೋಜನ ಇಲ್ಲ. ಯೂಟ್ಯೂಬಲ್ಲಿ ಇಂಗ್ಲೆಂಡಿನವರ ವಿಡಿಯೋ ನೋಡಿದೆ, ಫೆರೆಟ್ ಅಂತ ಮುಂಗುಸಿ ಹಾಗಿನ ಒಂದು ಪ್ರಾಣಿಯನ್ನು ಮಾಟೆಗೆ ಬಿಡ್ತಾರೆ, ಒಳಗಿದ್ದ ಇಲಿ ಎಲ್ಲ ಹೊರಗೆ ಹಾರ್ತದೆ, ನಾಯಿ ಕಾದು ಕೂತು ಹಿಡೀತದೆ. ಅದನ್ನು ಇಲ್ಲಿ ತರಿಸಿ ಸಾಕ್ಲಿಕ್ಕೆ ಆಗ್ತದಾ? ಅಥವಾ ಮುಂಗುಸಿ ಮರಿ ಸಿಕ್ಕಿದ್ರೆ ಪಳಗಿಸಬಹುದಾ? ಕಳೆದ ಆದಿತ್ಯವಾರ ನಾವು ನಾಲ್ಕು ಜನ ಫ್ರೆಂಡ್ಸ್ ಎರಡು ನಾಯಿ ಕರ್ಕೊಂಡು ದರೆಯ ಮಾಟೆಗೆ ನೀರು ಹೊಯ್ದು ಹದಿನೇಳು ಇಲಿ ಹೊಡೆದೆವು, ಬಾಲ ಹಿಡಿದು ತೋಡಿಗೆ ಎಸೆದು ಬಂದೆವು.
— ಒಬ್ಬ ಓದುಗ, ಪೆರ್ಲ

ಉತ್ತರ: ಮೊದಲು ಫೆರೆಟ್ ವಿಷಯ. ಅದು ನೋಡ್ಲಿಕ್ಕೆ ಮುಂಗುಸಿ ಹಾಗೆ ಕಂಡರೂ ಮುಂಗುಸಿ ಅಲ್ಲ, ನಮ್ಮ ಹೊಳೆಯಲ್ಲಿ ಇರುವ ನೀರುನಾಯಿಯ ಕುಟುಂಬದ್ದು. ಯುರೋಪಿನ ಪೋಲ್‌ಕ್ಯಾಟ್ ಅನ್ನುವ ಕಾಡುಪ್ರಾಣಿಯನ್ನು ಎರಡು ಸಾವಿರ ವರ್ಷಕ್ಕಿಂತ ಹಿಂದೆ ಅಲ್ಲಿನವರು ಪಳಗಿಸಿದ್ದು, ಅದೂ ಮುಖ್ಯವಾಗಿ ಮೊಲ ಹಿಡೀಲಿಕ್ಕೆ. ಮಾಟೆಯ ಒಂದು ಬಾಯಿಂದ ಫೆರೆಟ್ ಬಿಟ್ಟು ಉಳಿದ ಬಾಯಿಗಳಿಗೆಲ್ಲ ಬಲೆ ಹಾಕಿ ಕೂರುದು ಅಲ್ಲಿಯ ಹಳೇ ಕ್ರಮ. ಇಲಿಗೂ ಬಿಡ್ತಾರೆ, ಆದರೆ ಇಲಿ ಮೊಲದ ಹಾಗೆ ಅಲ್ಲ, ತಿರುಗಿ ಬಿದ್ದು ಕಚ್ತದೆ, ಮರಿ ಇರುವ ಹೆಣ್ಣಿಲಿಯಂತೂ ಜೀವ ಹೋದರೂ ಜಾಗ ಬಿಟ್ಟು ಕೊಡುದಿಲ್ಲ. ಮೂತಿಗೆ ನಾಲ್ಕು ಸಲ ಕಚ್ಚಿಸಿಕೊಂಡ ಫೆರೆಟ್ ಆಮೇಲೆ ಮಾಟೆಯ ಬಾಯಿಯಲ್ಲಿ ಮೂಸಿ ನೋಡಿ ಹಿಂದೆ ಬರ್ತದೆ ಅಷ್ಟೇ. ವಿಡಿಯೋದಲ್ಲಿ ಅದನ್ನೆಲ್ಲ ತೋರಿಸುದಿಲ್ಲ.

ನಮ್ಮ ಊರಿಗೆ ಅದು ಆಗುದೇ ಇಲ್ಲ ಅಂತ ನಾನು ಹೇಳ್ಲಿಕ್ಕೆ ದೊಡ್ಡ ಕಾರಣ ಸೆಕೆ. ಫೆರೆಟ್‌ಗೆ ನಾಯಿಯ ಹಾಗೆ ಏದುಸಿರು ಬಿಟ್ಟು ಮೈ ತಂಪು ಮಾಡ್ಕೊಳ್ಳುವ ಶಕ್ತಿ ಕಡಿಮೆ, ಬೆವರಂತೂ ಬರುದಿಲ್ಲ ಅಂತಲೇ ಹೇಳಬೇಕು, 30 ಡಿಗ್ರಿ ದಾಟಿದ್ರೆ ಸುಸ್ತಾಗಿ ಬೀಳ್ತದೆ. ನಮ್ಮ ಏಪ್ರಿಲ್ ಮೇ ತಿಂಗಳ ಬೇಗೆ ಅದು ತಡೀಲಿಕ್ಕಿಲ್ಲ. ಮತ್ತೆ ಬೀದಿನಾಯಿಗಳಲ್ಲಿ ಇರುವ ಡಿಸ್ಟೆಂಪರ್ ರೋಗ ತಗಲಿದ ಫೆರೆಟ್ ಬದುಕುದು ಇಲ್ಲ ಅನ್ನುವಷ್ಟು ಅಪರೂಪ. ಹೊರದೇಶದಿಂದ ಜೀವಂತ ಪ್ರಾಣಿ ತರಬೇಕಾದ್ರೆ ಸರ್ಕಾರದ ಪರವಾನಗಿ, ಕ್ವಾರಂಟೈನ್ ಎಲ್ಲ ಬೇಕು, ಕಳ್ಳದಾರಿಯಲ್ಲಿ ಯಾರಾದ್ರೂ ಕೊಡ್ತೇನೆ ಅಂದ್ರೆ ದಯವಿಟ್ಟು ಹತ್ತಿರ ಹೋಗಬೇಡಿ.

ಇನ್ನೊಂದು, ಒಂದು ಊರಿನ ಬೇಟೆ ಪ್ರಾಣಿಯನ್ನು ಇನ್ನೊಂದು ಊರಿಗೆ ಕೊಂಡೋಗಿ ಬಿಟ್ಟದ್ದರ ಕಥೆ ನಮಗೇ ಸಂಬಂಧಪಟ್ಟದ್ದು. 1872ರಲ್ಲಿ ಜಮೈಕಾದ ಕಬ್ಬಿನ ತೋಟಕ್ಕೆ ಇಲಿ ಹಿಡೀಲಿ ಅಂತ ನಮ್ಮ ಕಲ್ಕತ್ತಾದಿಂದ ಒಂಬತ್ತು ಮುಂಗುಸಿ ಹಡಗಿನಲ್ಲಿ ಕೊಂಡೋದರು, ಮೊದಮೊದಲು ಇಲಿ ಕಡಿಮೆ ಆಯ್ತು ಅಂತ ಎಲ್ಲರಿಗೂ ಖುಷಿ, ಆಮೇಲೆ ನೋಡಿದ್ರೆ ಮುಂಗುಸಿ ಅಲ್ಲಿನ ಹಕ್ಕಿ, ಓತಿ, ಹಾವು, ಮನೆ ಕೋಳಿ ಎಲ್ಲದಕ್ಕೂ ಬಾಯಿ ಹಾಕಿತು. ಮುಂಗುಸಿ ತಿರುಗುದು ಹಗಲಿಗೆ, ಇಲಿ ಹೊರಡುದು ರಾತ್ರಿಗೆ, ಎರಡಕ್ಕೂ ಭೇಟಿ ಆಗುದೇ ಕಡಿಮೆ. ನ್ಯೂಜಿಲೆಂಡಿನಲ್ಲಿ 1880ರ ದಶಕದಲ್ಲಿ ಮೊಲಕ್ಕೆ ಅಂತ ಬಿಟ್ಟ ಫೆರೆಟ್ ಇವತ್ತಿಗೂ ಅಲ್ಲಿನ ಹಾರಲಾರದ ಹಕ್ಕಿಗಳನ್ನು ತಿಂತಾ ಉಂಟು.

ನಮ್ಮ ಮುಂಗುಸಿ ಮರಿ ಹಿಡಿದು ಸಾಕುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಆದರೆ ತೋಟದ ಬದಿಯ ಬಲ್ಲೆಯನ್ನು ಪೂರ್ತಿ ಸವರದೆ ಸ್ವಲ್ಪ ಬಿಟ್ಟರೆ ಅದು ತಾನಾಗಿ ಬರ್ತದೆ, ಕೇರೆ ಹಾವೂ ಬರ್ತದೆ. ಫೆರೆಟ್ ಮಾಡುವ ಕೆಲಸ, ಅಂದ್ರೆ ಮಾಟೆಯೊಳಗೆ ನುಗ್ಗಿ ಇಲಿ ಹಿಡಿಯುದು, ನಮ್ಮಲ್ಲಿ ಕೇರೆ ಸಂಬಳ ಇಲ್ಲದೆ ಮಾಡ್ತಾ ಉಂಟಲ್ಲ, ಅದನ್ನು ಕಂಡಲ್ಲಿ ಹೊಡೆಯುವವರು ಇನ್ನೂ ಇದ್ದಾರೆ ಅಂತ ನನಗೆ ನಿಜವಾಗಿ ಬೇಸರ. ರಾತ್ರಿ ಪಾಳಿಗೆ ಕಣಜ ಗೂಬೆ ಉಂಟು, ಹಳೇ ಮನೆಯ ಅಟ್ಟದಲ್ಲಿ ಗೂಡು ಮಾಡಿದ್ರೆ ಅಪಶಕುನ ಅಂತ ಓಡಿಸಬೇಡಿ.

ಈಗ ನೀವು ಬರೆದ ಕೊನೆಯ ಸಾಲಿಗೆ ಬರ್ತೇನೆ, ಅದನ್ನು ಓದಿದ ಮೇಲೆ ನಾನು ಈ ಉತ್ತರ ಬರೀಲಿಕ್ಕೆ ಕೂತದ್ದು. ನೀವು ಇಲಿಯ ಹಲ್ಲಿಗೆ ಹೆದರಿ ದೊಣ್ಣೆ ಹಿಡಿದಿರಿ, ಆದರೆ ಇಲಿಜ್ವರ ಇರುದು ಇಲಿಯ ಮೂತ್ರದಲ್ಲಿ. ಲೆಪ್ಟೋಸ್ಪೈರಾ ಅನ್ನುವ ಬ್ಯಾಕ್ಟೀರಿಯಾ ಇಲಿಯ ಕಿಡ್ನಿಯಲ್ಲಿ ಮನೆ ಮಾಡಿ ಕೂರ್ತದೆ, ಇಲಿಗೆ ಏನೂ ಆಗುದಿಲ್ಲ, ಅದು ಬದುಕಿರುವಷ್ಟು ದಿನ ಮೂತ್ರದಲ್ಲಿ ಬಿಡ್ತಾ ಇರ್ತದೆ. ಮಾಟೆಗೆ ನೀರು ಹೊಯ್ದಾಗ ಹೊರಗೆ ಉಕ್ಕಿ ಬಂದ ಆ ಕೆಸರು ನೀರು ಉಂಟಲ್ಲ, ಅದರಲ್ಲಿ ನೀವು ಬರಿಗಾಲಲ್ಲಿ ನಿಂತಿದ್ರಿ ಅಂತಾದ್ರೆ ಬೇಟೆಯ ಅಪಾಯ ಪೂರ್ತಿ ಅಲ್ಲೇ. ನಾಯಿ ಇಲಿಯನ್ನು ಕುತ್ತಿಗೆಗೆ ಹಿಡಿದು ಆಚೆ ಈಚೆ ಒದರ್ತದೆ, ಆಗ ಸಣ್ಣ ಸಣ್ಣ ಹನಿ ಹಾರಿ ಮುಖಕ್ಕೆ ಬೀಳ್ತದೆ, ನಾವು ಅಂಗಿಯ ತೋಳಲ್ಲಿ ಒರೆಸಿ ಮುಂದಿನ ಮಾಟೆಗೆ ಹೋಗ್ತೇವೆ. ಕಣ್ಣು, ಮೂಗು, ಬಾಯಿ, ಕಾಲಿನ ಒಡಕು, ಕೈಯ ಗೀರು ಗಾಯ, ಇಷ್ಟು ಸಾಕು ಅದಕ್ಕೆ ಒಳಗೆ ಬರ್ಲಿಕ್ಕೆ.

ಮತ್ತೆ ಬಾಲ ಹಿಡಿದು ತೋಡಿಗೆ ಎಸೆದದ್ದು ತಪ್ಪು, ಮುಚ್ಚುಮರೆ ಇಲ್ಲದೆ ಹೇಳ್ತೇನೆ. ಆ ತೋಡಿನ ಕೆಳಗೆ ಯಾರದ್ದೋ ಕಟ್ಟ ಇರ್ತದೆ, ಮಕ್ಕಳು ಈಜ್ತಾರೆ, ದನ ನೀರು ಕುಡೀತದೆ. ಸತ್ತ ಇಲಿಯನ್ನು ಕೈಗೆ ಪ್ಲಾಸ್ಟಿಕ್ ತೊಟ್ಟೆ ಅಥವಾ ರಬ್ಬರ್ ಗ್ಲೌಸ್ ಹಾಕಿ ತೆಗೆದು, ಬಾವಿಯಿಂದ ತೋಡಿಂದ ದೂರ ಎರಡಡಿ ಗುಂಡಿಯಲ್ಲಿ ಬ್ಲೀಚಿಂಗ್ ಪೌಡರ್ ಉದುರಿಸಿ ಮಣ್ಣು ಮುಚ್ಚಿ. ಬೇಟೆಗೆ ಹೋಗುವಾಗ ಗಂಬೂಟು, ಗ್ಲೌಸು, ಕಣ್ಣಿಗೆ ಸ್ಪ್ರೇ ಮಾಡುವವರು ಹಾಕುವ ಕನ್ನಡಕ, ಇಷ್ಟು ಇದ್ರೆ ಸಾಕು. ಗಾಯ ಇದ್ರೆ ವಾಟರ್‌ಪ್ರೂಫ್ ಪ್ಲಾಸ್ಟರ್ ಹಾಕಿ, ದೊಡ್ಡ ಗಾಯ ಆದ್ರೆ ಆ ದಿನ ಹೋಗ್ಲೇಬೇಡಿ. ಎಲೆ ಅಡಿಕೆ ಹಾಕುವವರು ನಡುವೆ ಕೈ ತೊಳೆಯದೆ ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕುದು ನಾನು ಎಷ್ಟೋ ಸಲ ಕಂಡಿದ್ದೇನೆ, ಅದು ಬೇಡವೇ ಬೇಡ. ಬಂದ ಮೇಲೆ ಸೋಪು ಹಾಕಿ ಮಿಂದು ಬಟ್ಟೆ ಬಿಸಿಲಿಗೆ ಹಾಕಿ, ಒಣಗಿದಲ್ಲಿ ಬಿಸಿಲಲ್ಲಿ ಈ ಬ್ಯಾಕ್ಟೀರಿಯಾ ಬದುಕುದಿಲ್ಲ, ತೇವದ ಮಣ್ಣಲ್ಲಿ ಆದ್ರೆ ವಾರಗಟ್ಟಲೆ ಇರ್ತದೆ.

ನಾಯಿಗಳಿಗೂ ಲೆಪ್ಟೋ ಬರ್ತದೆ, ಅವು ಮತ್ತೆ ಅಂಗಳದಲ್ಲೇ ಮೂತ್ರ ಮಾಡ್ತವೆ. ವರ್ಷಕ್ಕೊಮ್ಮೆ ಹಾಕುವ ಕಂಬೈನ್ಡ್ ಲಸಿಕೆಯಲ್ಲಿ ಲೆಪ್ಟೋ ಕೂಡ ಉಂಟಾ ಅಂತ ಕೇಳಿ ಹಾಕಿಸಿ, ರೇಬೀಸ್ ಲಸಿಕೆ ಬೇರೆಯೇ ಹಾಕಿಸಬೇಕು. ಆದಿತ್ಯವಾರದಿಂದ ಲೆಕ್ಕ ಹಾಕಿ ಒಂದು ತಿಂಗಳವರೆಗೆ ನಿಮ್ಮ ನಾಲ್ಕು ಜನರಲ್ಲಿ ಯಾರಿಗೆ ಜ್ವರ ಬಂದರೂ ಆ ದಿನವೇ ಆಸ್ಪತ್ರೆಗೆ ಹೋಗಿ, ಇಲಿ ಮುಟ್ಟಿದ್ದೇವೆ ಅಂತ ಬಾಯಿ ಬಿಟ್ಟು ಹೇಳಿ. ಸಾಮಾನ್ಯವಾಗಿ 5ರಿಂದ 14 ದಿನದೊಳಗೆ ಕಾಣಿಸ್ತದೆ, ಕೆಲವರಿಗೆ 30 ದಿನವೂ ಹಿಡೀತದೆ.

ಪ್ರಶ್ನೆ: ನನ್ನ ತಮ್ಮ ಇಂಗ್ಲೆಂಡಿನಲ್ಲಿ ಒಂದು ದನದ ಫಾರ್ಮ್‌ನಲ್ಲಿ ಕೆಲಸಕ್ಕೆ ಇದ್ದಾನೆ. ಅಲ್ಲಿ ಓನರ್ ಫೆರೆಟ್ ಮತ್ತು ನಾಯಿ ಇಟ್ಟುಕೊಂಡು ಇಲಿ ಹಿಡಿಯುವಾಗ ಇವನೂ ಹೋಗ್ತಾನೆ. ಫೆರೆಟ್ ಇವನ ಕೈಗೆ ಒಮ್ಮೆ ಕಚ್ಚಿದೆಯಂತೆ. ಮನೆಯಲ್ಲಿ ಅಮ್ಮನಿಗೆ ಚಿಂತೆ. ಏನು ಜಾಗ್ರತೆ ಮಾಡಬೇಕು?
— ಕುಂಬಳೆಯಿಂದ ಒಬ್ಬರು ಅಕ್ಕ

ಉತ್ತರ: ಅಮ್ಮನಿಗೆ ಹೇಳಿ, ಫೆರೆಟ್ ಕಚ್ಚಿದ್ದು ಅಷ್ಟು ದೊಡ್ಡ ಸಂಗತಿ ಅಲ್ಲ. ಬ್ರಿಟನ್ನಿನ ನಾಯಿ ಬೆಕ್ಕು ಫೆರೆಟ್‌ಗಳಲ್ಲಿ ರೇಬೀಸ್ ಇಲ್ಲ. ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಟೆಟನಸ್ ಇಂಜೆಕ್ಷನ್ ತಗೊಂಡು ವರ್ಷ ಎಷ್ಟಾಯ್ತು ಅಂತ ಡಾಕ್ಟರ ಹತ್ರ ವಿಚಾರಿಸಿದ್ರೆ ಸಾಕು, ಗಾಯ ಬಾತು ಕೆಂಪಾದ್ರೆ ಕೂಡಲೇ ತೋರಿಸಬೇಕು. ಆದರೆ ಇದೇ ಕಚ್ಚುವಿಕೆ ನಮ್ಮ ಊರಲ್ಲಿ ಆಗಿದ್ರೆ ರೇಬೀಸ್ ಲಸಿಕೆಯ ಮಾತೇ ಮೊದಲು ಬರ್ತಿತ್ತು.

ಇಲಿ ಕಚ್ಚಿದ್ರೆ ಬೇರೆ ಲೆಕ್ಕ. ಇಲಿ ಕಡಿತದ ಜ್ವರ ಅಂತಲೇ ಒಂದು ಉಂಟು, ಗಾಯ ಒಣಗಿ ಮರೆತೂ ಹೋದ ಮೇಲೆ ಜ್ವರ, ಗಂಟುನೋವು, ಕೈಕಾಲಲ್ಲಿ ಕೆಂಪು ಕಲೆ ಬರ್ತದೆ, ಪೆನಿಸಿಲಿನ್‌ಗೆ ಬಗ್ಗುವ ರೋಗ ಅದು, ಆದರೆ ಇಲಿ ಕಚ್ಚಿದ ವಿಷಯ ಹೇಳದಿದ್ರೆ ಯಾವ ಡಾಕ್ಟರಿಗೂ ಹೊಳೆಯುದು ಕಷ್ಟ.

ಫೆರೆಟ್ ಇಟ್ಟವರು ಗಮನಿಸುವ ಒಂದೆರಡು ವಿಷಯ ತಮ್ಮನಿಗೆ ತಿಳಿಸಿ. ಒಂದು, ಆ ಫಾರ್ಮಿನಲ್ಲಿ ಇಲಿ ವಿಷ ಇಟ್ಟಿದ್ದಾರಾ ಅಂತ ಮೊದಲೇ ಕೇಳಬೇಕು, ವಿಷ ತಿಂದು ಮಂಕಾದ ಇಲಿಯನ್ನು ಫೆರೆಟ್ ತಿಂದ್ರೆ ಅದಕ್ಕೂ ಒಳಗಿಂದೊಳಗೆ ರಕ್ತ ಸೋರ್ತದೆ. ಬೇಟೆ ಮುಗಿದ ಮೇಲೆ ಫೆರೆಟ್‌ನ ಮುಖ ಕುತ್ತಿಗೆಯ ರೋಮ ಬಿಡಿಸಿ ನೋಡಬೇಕು, ಹೊರಗೆ ಸೂಜಿ ತೂತಿನಷ್ಟು ಕಾಣುವ ಇಲಿ ಕಡಿತ ಎರಡು ದಿನದಲ್ಲಿ ಕೀವು ಗಂಟಾಗ್ತದೆ. ಫೆರೆಟ್ ಎತ್ತಿಕೊಂಡು ಮುದ್ದು ಮಾಡುದು, ಮುಖದ ಹತ್ತಿರ ತರುದು ಅದಕ್ಕೆ ಸ್ನಾನ ಆದ ಮೇಲೆಯೇ, ಯಾಕಂದ್ರೆ ಅದು ಇಲಿಯ ಮೂತ್ರದಲ್ಲಿ ಹೊರಳಾಡಿ ಬಂದದ್ದು. ಮತ್ತೊಂದು ವಿಚಿತ್ರ ಕೇಳಿ, ನಮಗೆ ಫ್ಲೂ ಬಂದ್ರೆ ಫೆರೆಟ್‌ಗೂ ಬರ್ತದೆ, ಅದರಿಂದ ತಿರುಗಿ ನಮಗೂ ಬರಬಹುದು. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ ಪತ್ತೆ ಮಾಡಿದ್ದೇ ರೋಗಿಯ ಗಂಟಲು ತೊಳೆದ ನೀರನ್ನು ಫೆರೆಟ್‌ಗಳ ಮೂಗಿಗೆ ಹಾಕಿ. ಶೀತ ಜ್ವರ ಇದ್ದ ದಿನ ತಮ್ಮ ಅದರ ಗೂಡಿನ ಹತ್ತಿರ ಹೋಗದಿದ್ರೆ ಇಬ್ಬರಿಗೂ ಒಳ್ಳೇದು.

ಅಲ್ಲಿ ಇಲಿಜ್ವರದ ಜೋರಾದ ರೂಪಕ್ಕೆ ವೈಲ್ಸ್ ಡಿಸೀಸ್ ಅಂತ ಹೇಳುದು, 1886ರಲ್ಲಿ ಅದನ್ನು ವಿವರಿಸಿದ ಜರ್ಮನ್ ಡಾಕ್ಟರ್ ಅಡಾಲ್ಫ್ ವೈಲ್ ಅವರ ಹೆಸರಲ್ಲಿ. ತಮ್ಮನಿಗೆ ಆ ಹೆಸರು ಬಾಯಿಪಾಠ ಮಾಡಿಸಿ, ಜ್ವರ ಬಂದ್ರೆ ಫಾರ್ಮಿನ ಇಲಿ, ಫೆರೆಟ್, ವೈಲ್ಸ್ ಅಂತ ಮೂರು ಶಬ್ದ ಹೇಳಿದ್ರೂ ಅಲ್ಲಿನ ಡಾಕ್ಟರಿಗೆ ಅರ್ಥ ಆಗ್ತದೆ. ದನದ ಕೊಟ್ಟಿಗೆಯಲ್ಲಿ ಕೆಲಸ ಅಲ್ವಾ, ದನದ ಮೂತ್ರದಿಂದಲೂ ಇದರ ಇನ್ನೊಂದು ತಳಿ ಬರ್ತದೆ, ಹಾಗಾಗಿ ಬೇಟೆ ಬಿಟ್ಟರೂ ಗ್ಲೌಸು ಬಿಡಬಾರದು.

ಪ್ರಶ್ನೆ: ನನ್ನ ಗಂಡ ಅಡಿಕೆ ತೋಟದ ಕಣಿ ಬಿಡಿಸುವ ಕೆಲಸಕ್ಕೆ ಹೋಗ್ತಾರೆ, ನಾನು ಉದ್ಯೋಗಖಾತ್ರಿಗೆ. ನಮಗೆ ಆಶಾ ಕಾರ್ಯಕರ್ತೆಯವರು ವಾರಕ್ಕೊಮ್ಮೆ ಅಂತ ಒಂದು ಮಾತ್ರೆ ಕೊಟ್ಟಿದ್ದಾರೆ, ಅದು ಹೊಟ್ಟೆ ಉರಿ ಬರ್ತದೆ ಅಂತ ಇವರು ತಿನ್ನುದಿಲ್ಲ. ಹೋದ ವರ್ಷ ಇವರಿಗೆ ಜ್ವರ ಬಂದಾಗ ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಏನೋ ಕೇಳಿದರು, ನಮಗೆ ಸರಿ ಅರ್ಥ ಆಗದೆ ಇಲ್ಲ ಇಲ್ಲ ಅಂತ ಹೇಳಿ ಬಂದೆವು. ಇಲಿಜ್ವರ ಅಂತ ಹೇಗೆ ಗೊತ್ತಾಗುದು?
— ಹೆಸರು ಬೇಡ ಅಂದವರು, ಬದಿಯಡ್ಕ ಹತ್ತಿರ

ಉತ್ತರ: ತಂಗೀ, ನೀವು ಆ ಇಲ್ಲ ಇಲ್ಲ ಅಂದದ್ದು ಬರೆದು ತಿಳಿಸಿದ್ದಕ್ಕೆ ನಾನು ಕೈ ಮುಗೀತೇನೆ, ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಗಡಿಯ ಕನ್ನಡದವರ ದೊಡ್ಡ ಕಷ್ಟ ಅದು. ಒಂದು ಶಬ್ದ ನೆನಪಿಟ್ಟುಕೊಳ್ಳಿ, ಎಲಿಪ್ಪನಿ. ಎಲಿ ಅಂದ್ರೆ ಇಲಿ, ಪನಿ ಅಂದ್ರೆ ಜ್ವರ. ಆಸ್ಪತ್ರೆಯಲ್ಲಿ ಎಲಿಪ್ಪನಿ ಅಂತ ಕೇಳಿದ್ರೆ ಅದೇ ನಮ್ಮ ಇಲಿಜ್ವರ. ಗಂಡನಿಗೆ ಜ್ವರ ಬಂದ್ರೆ ಅವರು ಕೇಳುವ ಮೊದಲೇ ನೀವು ಹೇಳಬೇಕು, ತೋಟದ ಕಣಿ ನೀರಲ್ಲಿ ಕೆಲಸ, ಕಾಲಲ್ಲಿ ಗಾಯ ಉಂಟು, ಎಲಿಪ್ಪನಿ ಆಗಿರಬಹುದಾ ಅಂತ. ತುಳುವಲ್ಲಿ ಹೇಳಿದ್ರೂ ಆಗ್ತದೆ, ಅಲ್ಲಿ ಒಬ್ಬ ನರ್ಸಿಗಾದ್ರೂ ತುಳು ಗೊತ್ತಿರ್ತದೆ.

ನನ್ನದೇ ಕಥೆ ಹೇಳ್ತೇನೆ. ಸರ್ವೀಸಿನಲ್ಲಿ ಇದ್ದಾಗ ಒಂದು ಆಟಿ ತಿಂಗಳಲ್ಲಿ ಕರು ಅಡ್ಡ ನಿಂತ ದನ ನೋಡ್ಲಿಕ್ಕೆ ಹೋಗಿದ್ದೆ, ಕೊಟ್ಟಿಗೆಯಲ್ಲಿ ಗಂಟಲು ಒಣಗುವಷ್ಟು ಹೊತ್ತು ಮೊಣಕಾಲೂರಿ ಕೂತು ಕರು ತೆಗೆದೆ, ಬಲಗೈ ಹೆಬ್ಬೆರಳಲ್ಲಿ ಬ್ಲೇಡು ತಾಗಿದ ಗೀರು ಇತ್ತು, ಗ್ಲೌಸು ಹರಿದದ್ದು ಗಮನಕ್ಕೆ ಬಂದದ್ದು ಆಮೇಲೆ. ಒಂಬತ್ತನೇ ದಿನ ಚಳಿ ಬಂತು. ಜ್ವರಕ್ಕಿಂತ ಹೆಚ್ಚು ಮೀನಖಂಡ ನೋವು, ಮೆಟ್ಟಿಲು ಇಳೀಲಿಕ್ಕೆ ಆಗದೆ ಕೂತು ಕೂತು ಇಳಿದೆ, ಯಾರಾದ್ರೂ ಕಾಲಿನ ಹಿಂದೆ ಮುಟ್ಟಿದ್ರೆ ಕೂಗುವಷ್ಟು. ಕಣ್ಣು ಕೆಂಪು, ಆದರೆ ಪಿಸುರು ಇಲ್ಲ, ನೀರೂ ಇಲ್ಲ, ಮನೆಯವಳು ಕೆಂಗಣ್ಣು ಅಂತ ನಂಬಿದಳು. ಮೊದಲು ಹೋದ ಕ್ಲಿನಿಕ್ಕಿನಲ್ಲಿ ವೈರಲ್ ಅಂತ ಹೇಳಿ ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು, ನಾನೂ ದನದ ವಿಷಯ ಹೇಳ್ಲಿಲ್ಲ, ತಪ್ಪು ನನ್ನದೂ ಉಂಟು. ಮೂರನೇ ದಿನ ಮೂತ್ರ ಕಡಿಮೆ ಆಗಿ ಕಣ್ಣಿನ ಬಿಳಿಯಲ್ಲಿ ಅರಿಶಿನ ಕಂಡ ಮೇಲೆ ಬೇರೆ ಆಸ್ಪತ್ರೆಗೆ ಹೋದದ್ದು, ಅಲ್ಲಿ ಇನ್ನೂ ಓದ್ತಾ ಇದ್ದ ಒಬ್ಬ ಸಣ್ಣ ಪ್ರಾಯದ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಸಾರ್ ನಿಮಗೆ ಎಂತ ಕೆಲಸ ಅಂತ. ಆ ಪ್ರಶ್ನೆಯಿಂದ ನಾನು ಬದುಕಿದ್ದು.

ಹಾಗಾಗಿ ಜೋರು ಜ್ವರ, ತಲೆನೋವು, ಮೀನಖಂಡ ಸೊಂಟದ ನೋವು, ಕೆಂಪು ಕಣ್ಣು, ಇದರಲ್ಲಿ ಎಲ್ಲ ಇರ್ಲೇಬೇಕು ಅಂತ ಇಲ್ಲ, ನೀರಲ್ಲಿ ಕೆಲಸ ಮಾಡಿದವರಿಗೆ ಜ್ವರ ಬಂದ್ರೆ ಸಾಕು, ಎರಡು ದಿನ ಕಾಯಬೇಡಿ. ಮೂತ್ರ ಕಡಿಮೆ ಆಗುದು, ಮೈ ಹಳದಿ, ಕೆಮ್ಮಿದಾಗ ರಕ್ತ, ಉಸಿರು ಕಟ್ಟುದು, ಇದೆಲ್ಲ ಕಂಡ್ರೆ ದೊಡ್ಡ ಆಸ್ಪತ್ರೆಗೇ ಓಡಬೇಕು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಈ ಜ್ವರದಲ್ಲಿ ಕಿಡ್ನಿಗೆ ಅದು ಇನ್ನೂ ಪೆಟ್ಟು, ಪ್ಯಾರಾಸಿಟಮಾಲ್ ಮಾತ್ರ ಸಾಕು. ಮೊದಲ ನಾಲ್ಕೈದು ದಿನ ಆಂಟಿಬಾಡಿ ನೋಡುವ ರಕ್ತಪರೀಕ್ಷೆಯಲ್ಲಿ ಇಲ್ಲ ಅಂತ ಬಂದರೂ ರೋಗ ಇರಬಹುದು, ಆಗ ಡಾಕ್ಟರ್ ರಿಪೋರ್ಟಿಗೆ ಕಾಯದೆ ಆಂಟಿಬಯಾಟಿಕ್ ಶುರು ಮಾಡಿದ್ರೆ ಬೇಡ ಅನ್ನಬೇಡಿ.

ಆಶಾ ಅವರು ಕೊಟ್ಟದ್ದು ಡಾಕ್ಸಿಸೈಕ್ಲಿನ್. 2018ರ ಪ್ರಳಯದ ಮೇಲೆ ಕೇರಳದಲ್ಲಿ ಇಲಿಜ್ವರ ಏರಿದಾಗ ನೀರಿಗೆ ಇಳಿದವರಿಗೆಲ್ಲ ಸರ್ಕಾರ ಕೊಟ್ಟದ್ದು ಇದನ್ನೇ, ದೊಡ್ಡವರಿಗೆ ವಾರಕ್ಕೆ ಒಮ್ಮೆ 200 ಮಿಲಿಗ್ರಾಂ, ಅಂದ್ರೆ ನೂರರ ಎರಡು ಮಾತ್ರೆ, ಆರೋಗ್ಯ ಇಲಾಖೆಯವರು ಹೇಳಿದಷ್ಟು ವಾರ. ಹೊಟ್ಟೆ ಉರಿ ಬರುದು ಖಾಲಿ ಹೊಟ್ಟೆಗೆ ತಿಂದದ್ದಕ್ಕೆ ಅಥವಾ ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದ್ದಕ್ಕೆ. ಮಧ್ಯಾಹ್ನ ಗಂಜಿ ಊಟ ಆದ ಮೇಲೆ ದೊಡ್ಡ ಲೋಟ ನೀರಲ್ಲಿ ನುಂಗಿಸಿ, ಅರ್ಧ ಗಂಟೆ ಮಲಗ್ಲಿಕ್ಕೆ ಬಿಡಬೇಡಿ. ಗರ್ಭಿಣಿಯರು, ಮೊಲೆಯೂಡುವವರು, ಸಣ್ಣ ಮಕ್ಕಳು ಇದನ್ನು ತಾವೇ ತಿನ್ನಬಾರದು, ಡಾಕ್ಟರ್ ಬೇರೆ ಮದ್ದು ಹೇಳ್ತಾರೆ. ಮಾತ್ರೆ ತಿಂದಿದ್ದೇನೆ ಅಂತ ಗಂಬೂಟು ಬಿಡಬಾರದು, ಬೂಟಲ್ಲಿ ಕಾಲು ಜಾರ್ತದೆ ಅಂತ ಇವರು ಹೇಳಬಹುದು, ತಳದಲ್ಲಿ ಗೀರು ಇರುವ ಗದ್ದೆ ಬೂಟು ಸಿಗ್ತದೆ, ತೋಟದ ಯಜಮಾನರ ಹತ್ರ ಕೇಳಿ ತೆಗೆಸಿಕೊಳ್ಳಿ. ಕೆಲಸಕ್ಕೆ ಕರೆಯುವವರು ಇದನ್ನು ಓದ್ತಾ ಇದ್ರೆ, ಕೇಳುವ ಮೊದಲೇ ತೆಗೆದುಕೊಡಿ.

ಪ್ರಶ್ನೆ: ತೆಂಗಿನ ಮರದಲ್ಲಿ ಇಲಿ ಎಳೆಕಾಯಿ ಕೊರೆದು ಬೀಳಿಸ್ತದೆ. ವಿಷ ಇಡುದಾ ಬೇಡವಾ? ಮನೆಯಲ್ಲಿ ಬೆಕ್ಕು, ಸಣ್ಣ ಮಕ್ಕಳು ಇದ್ದಾರೆ.
— ಮಂಜೇಶ್ವರ

ಉತ್ತರ: ವಿಷಕ್ಕಿಂತ ಮೊದಲು ತಗಡು. ನೆಲದಿಂದ ಎರಡು ಮೀಟರ್ ಮೇಲೆ ಕಾಂಡಕ್ಕೆ 40 ಸೆಂಟಿಮೀಟರ್ ಅಗಲದ ಜಿಐ ತಗಡು ಸುತ್ತಿ, ಇಲಿ ಜಾರಿ ಕೆಳಗೆ ಬೀಳ್ತದೆ. ಆದರೆ ಮರದಿಂದ ಮರಕ್ಕೆ ಗರಿ ತಾಗುವಲ್ಲಿ ಇದು ನಡೆಯುದಿಲ್ಲ, ಅವು ಮೇಲಿಂದಲೇ ದಾಟ್ತವೆ. ಹಾಗೆ ಹತ್ತಿರ ಹತ್ತಿರ ಇರುವ ತೋಟದಲ್ಲಿ ಐದು ಮರಕ್ಕೆ ಒಂದರಂತೆ ಮಂಡೆಯಲ್ಲಿ ಬ್ರೋಮಾಡಿಯೋಲೋನ್ ಅನ್ನುವ ಇಲಿ ವಿಷದ ಮೇಣದ ಬಿಲ್ಲೆ ಎರಡು, 12 ದಿನ ಬಿಟ್ಟು ಇನ್ನೊಮ್ಮೆ, ಇದು ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ, ಅಂದ್ರೆ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಶಿಫಾರಸು ಮಾಡುವ ಕ್ರಮ. ಮರದ ಮೇಲೆ ಇಡುವ ಕಾರಣ ಮಕ್ಕಳ ಕೈಗೆ ಸಿಗುದಿಲ್ಲ, ಆದರೆ ವಿಷ ತಿಂದು ಬಿದ್ದ ಇಲಿಯನ್ನು ಬೆಕ್ಕು, ಗೂಬೆ ತಿಂದ್ರೆ ಅವಕ್ಕೂ ಅಪಾಯ, ದಿನಾ ಬೆಳಿಗ್ಗೆ ಬುಡ ನೋಡಿ ಹೂಳಬೇಕು. ಬ್ರೋಮಾಡಿಯೋಲೋನ್‌ಗೆ ವಿಟಮಿನ್ ಕೆ1 ಅಂತ ಪ್ರತಿಮದ್ದು ಉಂಟು. ಜಿಂಕ್ ಫಾಸ್ಫೈಡ್ ಪುಡಿಗೂ ಟ್ಯೂಬಿನಲ್ಲಿ ಬರುವ ರಂಜಕದ ಪೇಸ್ಟಿಗೂ ಪ್ರತಿಮದ್ದೇ ಇಲ್ಲ, ಪೇಸ್ಟ್ ತಿಂದ ಮಗು ಮೊದಲ ಒಂದೆರಡು ದಿನ ಆಡಿಕೊಂಡೇ ಇದ್ದು ಆಮೇಲೆ ಲಿವರ್ ಹೋಗ್ತದೆ. ಮಕ್ಕಳಿರುವ ಮನೆಗೆ ಅದನ್ನು ತರಬೇಡಿ ಅಂತ ನಾನು ಕಾಲು ಹಿಡಿದು ಹೇಳ್ತೇನೆ.

ಮನೆಯೊಳಗೆ ಬೋನು ಅಥವಾ ಇಲಿಕತ್ತರಿಯೇ ಒಳ್ಳೇದು. ಇಲಿಗೆ ಹೊಸ ವಸ್ತು ಕಂಡ್ರೆ ಸಂಶಯ, ಎರಡು ಮೂರು ರಾತ್ರಿ ಬಾಗಿಲು ತೆರೆದೇ ಇಟ್ಟು ಸುಟ್ಟ ಕೊಬ್ಬರಿ ತುಂಡೋ ಒಣ ಮೀನೋ ತಿನ್ಲಿಕ್ಕೆ ಬಿಡಿ, ಆಮೇಲೆ ಸೆಟ್ ಮಾಡಿ. ಬೋನನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿ ಬಿಸಿಲಿಗೆ ಇಡಬೇಕು, ಬರಿಗೈಯಲ್ಲಿ ಮುಟ್ಟಬಾರದು. ಅಟ್ಟದ ಇಲಿ ಹಿಕ್ಕೆ ಗುಡಿಸುವಾಗಲೂ ಒಣಗಿದ್ದನ್ನು ಹಾಗೇ ಗುಡಿಸಿ ಧೂಳೆಬ್ಬಿಸದೆ, ಮೊದಲು ಬ್ಲೀಚಿಂಗ್ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ ತೆಗೀಬೇಕು.

ಪ್ರಶ್ನೆ: ಕೊಕ್ಕೋ ಕಾಯಿ ಕೊರೆಯುದು ಇಲಿಯಾ ಅಳಿಲಾ? ಇಲಿ ಕೊರೆದ ಬೊಂಡ (ಎಳನೀರು) ಕುಡಿದ್ರೆ ತೊಂದರೆ ಉಂಟಾ?
— ಮುಳ್ಳೇರಿಯ

ಉತ್ತರ: ತೊಟ್ಟಿನ ಹತ್ತಿರ ಕೊರೆದಿದ್ರೆ ಹೆಚ್ಚಾಗಿ ಇಲಿ, ಕಾಯಿಯ ನಡುವೆ ತೂತು ಇದ್ರೆ ಅಳಿಲು. ಹಣ್ಣಾದ ಕೂಡಲೇ ಕೊಯ್ದರೆ ಬಹಳ ನಷ್ಟ ಅಲ್ಲೇ ತಪ್ತದೆ, ವಾರ ವಾರ ಕೊಯ್ಲು ತಪ್ಪಿಸಬೇಡಿ. ಕೊರೆದ ಬೊಂಡ ಕುಡೀಬೇಡಿ, ದನಕ್ಕೂ ಹಾಕಬೇಡಿ. ಕೊರೆಯದ ಬೊಂಡವನ್ನೂ ಕೆತ್ತುವ ಮೊದಲು ಮೇಲಿಂದ ನೀರು ಹಾಕಿ ತೊಳೆದು, ಬಾಯಿ ಇಟ್ಟು ಕುಡಿಯುವ ಬದಲು ಲೋಟಕ್ಕೆ ಬಗ್ಗಿಸಿ ಮಕ್ಕಳಿಗೆ ಕೊಡಿ.